ಸೀಸದ ಲೆಕ್ಕದಲ್ಲಿ ಧೂಳನ್ನು ಬಿಡಬೇಡಿ

ಎಲ್ಲರ ಗಮನಕ್ಕೆ: ದಿನಕ್ಕೆ ಮೈಸೇರುವ ಸೀಸ = ಸಾಂದ್ರತೆ × ಸೇವಿಸಿದ ಪ್ರಮಾಣ × ಹೀರಿಕೆಯ ಪಾಲು. ನೀರಿನಲ್ಲಿರುವ ಸೀಸದ ಸುಮಾರು ಅರ್ಧವನ್ನು ಚಿಕ್ಕ ಮಕ್ಕಳ ಕರುಳು ಹೀರಿಕೊಳ್ಳುತ್ತದೆ, ದೊಡ್ಡವರದು ಹತ್ತರಲ್ಲೊಂದು ಪಾಲು. ಲೀಟರಿಗೆ 10 ಮೈಕ್ರೋಗ್ರಾಂ ಇರುವ ನೀರನ್ನು ಮಗು 1 ಲೀಟರ್ ಕುಡಿದರೆ 5 ಮೈಕ್ರೋಗ್ರಾಂ ಒಳಸೇರುತ್ತದೆ. ದೊಡ್ಡವರು 2 ಲೀಟರ್ ಕುಡಿದರೂ 2 ಮಾತ್ರ.

ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಅಂಬೆಗಾಲಿಡುವ ಮಗು ಕಿಟಕಿ ಅಂಚಿನ ಧೂಳು ಮೆತ್ತಿದ ಬೆರಳನ್ನು ಚೀಪುತ್ತದಲ್ಲ, ಅದನ್ನೂ ಸೇರಿಸಿ. ಗ್ರಾಂಗೆ 200 ಮೈಕ್ರೋಗ್ರಾಂ ಸೀಸವಿರುವ ಧೂಳು 100 ಮಿಲಿಗ್ರಾಂ ಹೊಟ್ಟೆಗೆ ಹೋದರೆ 20 ಮೈಕ್ರೋಗ್ರಾಂ. 30% ಹೀರಿಕೆ ಹಿಡಿದರೆ 6. ನೀರಿಗಿಂತ ಹೆಚ್ಚಾಯಿತು!

ನಲ್ಲಿ 6 ಗಂಟೆ ಮುಚ್ಚಿದ್ದು, ತೆರೆದಾಗ ಬರುವ ಮೊದಲ ಲೀಟರನ್ನೇ ಪರೀಕ್ಷೆಗೆ ಹಿಡಿಯಿರಿ. ಹರಿಬಿಟ್ಟ ಮೇಲೆ ಹಿಡಿದರೆ ಅಂಕಿ ಇಳಿದುಬಿಡುತ್ತದೆ. ಅನುಮಾನ ಬಂದರೆ ಮಗುವಿಗೆ ರಕ್ತಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಚರ್ಮದ ಮೇಲಿನ ಸೀಸ ಬೆರೆತಿರಬಹುದು, ಹೆಚ್ಚು ಬಂದರೆ ರಕ್ತನಾಳದಿಂದ ತೆಗೆಸಿ ಖಚಿತಪಡಿಸಿಕೊಳ್ಳಿ.