ಶನಿವಾರ ವೈಫೈ ಎಕ್ಸ್‌ಟೆಂಡರ್ ಅಳವಡಿಕೆ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 10ರಿಂದ 12ರವರೆಗೆ ಮನೆಯ ಮೂರೂ ಮಹಡಿಗಳಲ್ಲಿ ಇಂಟರ್ನೆಟ್ ಆಗಾಗ ನಿಲ್ಲುತ್ತದೆ. ಹಿಂಬದಿಯ ಕೋಣೆಗಳಿಗಾಗಿ ಎರಡು ಎಕ್ಸ್‌ಟೆಂಡರ್ (ರೂಟರ್‌ನ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಹಂಚುವ ಸಾಧನ) ಹಾಕುತ್ತಿದ್ದೇವೆ. ಆ ಹೊತ್ತಿನಲ್ಲಿ ಆನ್‌ಲೈನ್ ತರಗತಿ, ಸಭೆ ಇರುವವರು ಮೊಬೈಲ್ ಡೇಟಾ ಬಳಸಿ.

ಸಿಗ್ನಲ್ ಇಲ್ಲದ ಮೂಲೆಯಲ್ಲೇ ಎಕ್ಸ್‌ಟೆಂಡರ್ ಇಡಿ ಎಂದು ಕೆಲವರು ಹೇಳಿದ್ದೀರಿ. ತನಗೇ ಸಿಗದ್ದನ್ನು ಅದು ಹಂಚುವುದೆಲ್ಲಿಂದ? ರೂಟರ್‌ಗೂ ಆ ಕೋಣೆಗೂ ನಡುವೆ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕಡೆಯೇ ಅದರ ಜಾಗ. ಎರಡನ್ನೂ ನೇರವಾಗಿ ರೂಟರ್‌ಗೆ ಜೋಡಿಸುತ್ತೇವೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ಪ್ರತಿ ಹಂತದಲ್ಲೂ ವೇಗ ಅರ್ಧದಷ್ಟು ಕುಸಿಯಬಹುದು. ಮೇಲಿನ ಮಹಡಿಗೆ ಕೇಬಲ್ ಎಳೆಯುವುದಾದರೆ ಆ ತಲೆನೋವೇ ಇಲ್ಲ. ಗೋಡೆ ಕೊರೆಯಲು ಯಾರ ಅಭ್ಯಂತರವೂ ಇಲ್ಲದಿದ್ದರೆ ತಿಳಿಸಿ.

ಎಕ್ಸ್‌ಟೆಂಡರ್‌ಗಳಿಗಾಗಿ ಮೆಟ್ಟಿಲ ಬಳಿಯ ಎರಡು ಪ್ಲಗ್‌ಗಳನ್ನು ಖಾಲಿ ಬಿಡಿ, ಮುಂದೆಯೂ ಅವುಗಳ ಸ್ವಿಚ್ ಆಫ್ ಮಾಡಬೇಡಿ. ಅವುಗಳ ಪಕ್ಕ ಫ್ರಿಜ್, ದೊಡ್ಡ ಕನ್ನಡಿ, ಮೈಕ್ರೋವೇವ್ ಬೇಡ. ವೈಫೈ ಹೆಸರು, ಪಾಸ್‌ವರ್ಡ್ ಹಳೆಯದೇ. ಮಹಡಿ ಬದಲಿಸಿದಾಗ ಫೋನ್ ದೂರದ ಸಿಗ್ನಲ್‌ಗೇ ಅಂಟಿಕೊಂಡಿದ್ದರೆ ವೈಫೈ ಒಮ್ಮೆ ಆರಿಸಿ ಮತ್ತೆ ಆನ್ ಮಾಡಿ.

ನಿಮ್ಮ ಕೋಣೆಯಲ್ಲಿ ಸಂಪರ್ಕ ಎಲ್ಲಿ ಕಡಿಯುತ್ತದೆ ಎಂದು ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ‘ನಿಧಾನ ಇದೆ’ ಎಂದಷ್ಟೇ ಸಾಲದು. ಮಂಚದ ಬಳಿಯೋ ಕಿಟಕಿಯ ಬಳಿಯೋ, ಬಾಗಿಲು ಮುಚ್ಚಿದಾಗಲೋ ತೆರೆದಾಗಲೋ ಹೇಳಿ.