ಹರಿದ ಸ್ಟಿಕರ್ ಕೆರೆಯುವ ಮುನ್ನ

ಮಾನ್ಯ ಸಂಪಾದಕರೇ,

ನಾಣ್ಯ ಹಾಕಿ ಆಡುತ್ತಿದ್ದ ಹಳೆ ವಿಡಿಯೊ ಗೇಮ್ ಪೆಟ್ಟಿಗೆಗಳನ್ನು ಗುಜರಿಯಿಂದ ತಂದು ರಿಪೇರಿ ಮಾಡುವವರು ಬಳ್ಳಾರಿಯಲ್ಲೂ ಇದ್ದಾರೆ. ಬೋರ್ಡು, ಪಿಕ್ಚರ್ ಟ್ಯೂಬಿಗೆ ತಿಂಗಳುಗಟ್ಟಲೆ ಕೂರುವವರು ಹೊರಗಿನ ಚಿತ್ರದ ಸರದಿ ಬಂದಾಗ ಮಾತ್ರ ಅವಸರಕ್ಕೆ ಬೀಳುತ್ತಾರೆ. ಹರಿದ ಸ್ಟಿಕರ್ ಕೆರೆದು ಬಿಸಾಡಿ, ಇಂಟರ್‌ನೆಟ್ಟಿನಿಂದ ಫೋಟೊ ಇಳಿಸಿ, ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿಬಿಡುತ್ತಾರೆ. ಹೊಸ ಚಿತ್ರ ಸರಿಯಿದೆಯೇ ಎಂದು ನೋಡಲು ಇದ್ದ ಅಳತೆಗೋಲೇ ಆ ಹರಿದ ಸ್ಟಿಕರ್. ದಯವಿಟ್ಟು ಅದನ್ನು ಮೊದಲೇ ಕೆರೆಯಬೇಡಿ. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಮಾರ್ಕರ್ ಪೆನ್ನಿನಲ್ಲಿ ಗೆರೆ ಎತ್ತಿಕೊಳ್ಳಿ. ಮೊಬೈಲ್ ಫೋಟೊ ಸಾಲದು, ಅಂಚಿನ ಗೆರೆಗಳು ಬಾಗುತ್ತವೆ. ಪ್ರಿಂಟ್ ಬಂದ ದಿನ ಈ ಹಾಳೆಯನ್ನು ಅದರ ಮೇಲಿಟ್ಟರೆ ಎಲ್ಲಿ ಹಿಗ್ಗಿಸಿದ್ದಾರೆ, ಎಲ್ಲಿ ಕುಗ್ಗಿಸಿದ್ದಾರೆ ಎಂಬುದು ತಾನೇ ತಿಳಿಯುತ್ತದೆ.

ಬಿಸಿಲಿಗೆ ಮಾಸಿದ ಮೈ ನೋಡಿ ಬಣ್ಣ ಹೊಂದಿಸಿದರೆ ಹೊಸದೂ ಮಾಸಿದ್ದೇ ಆಗುತ್ತದೆ. ಮೇಲ್ಗಡೆ ಹೆಸರಿನ ಫಲಕವನ್ನು, ಅಂದರೆ ಮಾರ್ಕೀಯನ್ನು, ಹಿಡಿದಿರುವ ತಗಡಿನ ಪಟ್ಟಿಯ ಸ್ಕ್ರೂ ಬಿಚ್ಚಿ. ಅದರಡಿ ಬೆರಳಗಲವೂ ಇಲ್ಲದ ಒಂದು ಗೆರೆಯಷ್ಟು ಬೆಳಕು ಕಾಣದ ಬಣ್ಣ ಉಳಿದಿರುತ್ತದೆ. ಹೊರಗೆ ತಿಳಿಗುಲಾಬಿಯಾಗಿ ಕಂಡದ್ದು ಅಲ್ಲಿ ಕಡುಗೆಂಪು. ಹೊಂದಿಸಬೇಕಾದ್ದು ಅದಕ್ಕೆ.

1980ರ ದಶಕದ ಮೂಲ ಚಿತ್ರಗಳಲ್ಲಿ ಹೆಚ್ಚಿನವು ಸ್ಕ್ರೀನ್ ಪ್ರಿಂಟ್. ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ. ವಾಚ್ ರಿಪೇರಿಯವರ ಮಸೂರ ಇಟ್ಟು ನೋಡಿದರೆ ಕಿತ್ತಳೆ ಬಣ್ಣ ಗೋಡೆಗೆ ಬಳಿದಷ್ಟು ಸಮ. ಇಂಕ್‌ಜೆಟ್ ಪ್ರಿಂಟಿನಲ್ಲಿ ಅದೇ ಕಿತ್ತಳೆ ಹಳದಿ, ಮೆಜೆಂಟಾ ಚುಕ್ಕಿಗಳಾಗಿ ಒಡೆಯುತ್ತದೆ. ಮನೆಯಲ್ಲಿಡುವ ಪೆಟ್ಟಿಗೆಗೆ ಒಳ್ಳೆ ಡಿಜಿಟಲ್ ಪ್ರಿಂಟ್ ನಡೆದೀತು, ಆದರೆ ಸ್ಕ್ರೀನ್ ಪ್ರಿಂಟಿನ ದುಡ್ಡು ತೆಗೆದುಕೊಂಡು ಚುಕ್ಕಿ ಕೊಟ್ಟರೆ ಒಪ್ಪಬೇಡಿ. ಸ್ಕ್ರೀನ್ ಪ್ರಿಂಟಿನಲ್ಲಿ ಕಪ್ಪು ಗೆರೆ ಪಕ್ಕದ ಬಣ್ಣದ ಮೇಲೆ ಕೂದಲೆಳೆಯಷ್ಟು ಹತ್ತಿ ಕೂತಿರಬೇಕು. ನಡುವೆ ಬಿಳಿ ಇಣುಕಿದರೆ ಪರದೆ ಸರಿದಿದೆ ಎಂದರ್ಥ.

ಬಣ್ಣಕ್ಕಿಂತ ಹೆಚ್ಚು ಕೆಡುವುದು ಗೆರೆ. ಫೋಟೊವನ್ನು ಕಂಪ್ಯೂಟರಿನಿಂದಲೇ ಟ್ರೇಸ್ ಮಾಡಿಸಿದಾಗ ಚೂಪು ಮೂಲೆಗಳು ಗುಂಡಗಾಗುತ್ತವೆ, ಕುಂಚದ ದಪ್ಪ-ತೆಳು ಹೋಗಿ ಗೆರೆ ವೈರಿನಂತಾಗುತ್ತದೆ. ಎಲ್ಲಕ್ಕಿಂತ ಮೊದಲು ಮೂಲೆಯ ಕಾಪಿರೈಟ್ ಸಾಲು ಓದಿ. 1981 ಎಂಬಲ್ಲಿ 8ರ ಹೊಟ್ಟೆ ಮುಚ್ಚಿಕೊಂಡಿದ್ದರೆ ಉಳಿದ ಚಿತ್ರವನ್ನೂ ಹಾಗೇ ಎಳೆದಿರುತ್ತಾರೆ.

ಮಾರ್ಕೀ ಹಿಂದಿನ ದೀಪದಿಂದ ಬೆಳಗುವ ಫಲಕ, ಅದನ್ನು ಹಗಲ ಬೆಳಕಿನಲ್ಲಿ ನೋಡಿ ಒಪ್ಪಲೇಬಾರದು. ಉರಿಯುವ ಟ್ಯೂಬ್‌ಲೈಟ್ ಮುಂದೆ ಹಿಡಿಯಿರಿ. ಇಂಕು ತೆಳುವಾಗಿದ್ದರೆ ಕೆಂಪು ತೊಳೆದಂತೆ ಕಾಣುತ್ತದೆ, ಕಪ್ಪು ಬೂದುಬಣ್ಣವಾಗುತ್ತದೆ, ಸೂಜಿಮೊನೆಯ ತೂತುಗಳು ಮಿನುಗುತ್ತವೆ.

ಕೈ ಉಜ್ಜುವ ಕಂಟ್ರೋಲ್ ಪ್ಯಾನಲ್ಲಿಗೆ ಸುಮಾರು 0.25 ಮಿ.ಮೀ. ದಪ್ಪದ ತರಿತರಿ ಪಾಲಿಕಾರ್ಬೊನೇಟ್ (ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್) ಹಾಳೆಯೇ ಬೇಕು, ಇಂಕು ಅಡಿಮೈಗೆ ಇರಬೇಕು. ವಿನೈಲ್ ಮೇಲೆ ಲ್ಯಾಮಿನೇಷನ್ ಮಾಡಿಸಿದ್ದು ಬೆವರಿಗೆ ಜಾಯ್‌ಸ್ಟಿಕ್ ಸುತ್ತ ಏಳುತ್ತದೆ. ಬಟನ್ ತೂತು ಅಮೆರಿಕದ ಪೆಟ್ಟಿಗೆಗಳಲ್ಲಿ ಸುಮಾರು 28.5 ಮಿ.ಮೀ., ಜಪಾನಿನವುಗಳಲ್ಲಿ ಸಾಮಾನ್ಯವಾಗಿ 30, ಅಳೆದೇ ಕತ್ತರಿಸಿ.

ಸ್ಟಿಕರ್ರೇ ಸಲ್ಲದ ಪೆಟ್ಟಿಗೆಗಳೂ ಇವೆ. ಅಮೆರಿಕದಲ್ಲಿ ಮಿಡ್‌ವೇ ಕಂಪನಿ ತಯಾರಿಸಿದ 1980ರ ಪ್ಯಾಕ್-ಮ್ಯಾನ್ ಪೆಟ್ಟಿಗೆಯ ಬದಿಗಳಿಗೆ ಹಳದಿ ಬಳಿದು, ಮೇಲೆ ಸ್ಟೆನ್ಸಿಲ್ ಇಟ್ಟು ಪೇಂಟ್ ಹೊಡೆದಿದ್ದರು. ಅದಕ್ಕೆ ಎಷ್ಟೇ ಚಂದದ ಸ್ಟಿಕರ್ ಹಚ್ಚಿದರೂ ತಪ್ಪೇ.

ಅಂಟಿಸುವಾಗ ನಮ್ಮೂರಿನ ಕೆಂಪು ಧೂಳಿನ ಬಗ್ಗೆ ಎಚ್ಚರವಿರಲಿ. ಒಂದು ಕಣ ಅಡಿಗೆ ಸಿಕ್ಕರೂ ಮೇಲೆ ಮೊಡವೆಯಂತೆ ಉಬ್ಬುತ್ತದೆ. ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿಯೇ ಕೆಲಸ ಶುರುಮಾಡಿ. ಮರಕ್ಕೆ ಹೊಸ ಆಯಿಲ್ ಪೇಂಟ್ ಬಳಿದಿದ್ದರೆ ವಾರ-ಹತ್ತು ದಿನವಾದರೂ ಬಿಡಿ. ಮುಟ್ಟಿದರೆ ಒಣಗಿದಂತಿದ್ದರೂ ವಾಸನೆ ಬರುತ್ತಿದ್ದರೆ ಥಿನ್ನರ್ ಇನ್ನೂ ಹೊರಬೀಳುತ್ತಿದೆ. ಅದೇ ಆಮೇಲೆ ಸ್ಟಿಕರಿನಡಿ ಗುಳ್ಳೆಯಾಗಿ ಏಳುತ್ತದೆ.

ಇಂತಿ,
ಹಳೆ ವಿಡಿಯೊ ಗೇಮ್ ಪೆಟ್ಟಿಗೆ ರಿಪೇರಿ ಮಾಡುವ ಗೆಳೆಯರು
ಕೌಲ್ ಬಜಾರ್, ಬಳ್ಳಾರಿ