ಕ್ಷಮೆ ಪುಕ್ಕಟೆ, ಅಡಿಕೆಯಲ್ಲ

ಮಾನ್ಯರೇ,

‘ಕ್ರೈಸ್ತರಿಗೇನು, ಪಾದ್ರಿ ಕಿವಿಗೆ ಹಾಕಿದ್ರೆ ಪಾಪ ಮುಗೀತು’ ಎಂದು ಶಿವಮೊಗ್ಗದ ಬಸ್ಸಿನಲ್ಲಿ ಯಾರೋ ನಗಾಡಿದರು. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ವ್ಯಾಪಾರಿ. 12 ವರ್ಷದ ಹಿಂದೆ ಒಬ್ಬ ವಿಧವೆಯ ರಾಶಿ ಅಡಿಕೆ ತೂಗುವಾಗ 8 ಕಿಲೊ ನುಂಗಿದ್ದೆ. ಆಮೇಲೆ ತಕ್ಕಡಿ ಮುಟ್ಟಿದಾಗಲೆಲ್ಲ ಆಕೆಯ ಹೊಲಿಗೆ ಹಾಕಿದ ಗೋಣಿಚೀಲವೇ ಕಣ್ಣೆದುರು. ಈ ಸಲ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ, ಅಂದರೆ ಚರ್ಚಿನ ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳಲು, ಮಂಡಿಯೂರಿದೆ. ಗುರುಗಳು ಮೊದಲು ಕೇಳಿದ್ದು, ‘ದುಡ್ಡು ಯಾವಾಗ ಹಿಂದಿರುಗಿಸ್ತೀರಿ?’ ಕ್ಷಮೆ ಪುಕ್ಕಟೆ, ನಿಜ. ಕದ್ದ ಮಾಲು ಇಟ್ಟುಕೊಳ್ಳಲು ಪರವಾನಗಿಯಲ್ಲ. ಬೈಬಲಿನ ಲೂಕನ ಸುವಾರ್ತೆಯ 19ನೇ ಅಧ್ಯಾಯದ ಸುಂಕ ವಸೂಲಿಗಾರ ಜಕ್ಕಾಯ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. (ನನ್ನ ಕೈಲಾದದ್ದು ಎರಡರಷ್ಟು.)

ಆಕೆ ನೋಟು ಎಣಿಸದೆ ಸೆರಗಿಗೆ ಗಂಟು ಹಾಕಿ, ‘ಅವತ್ತೇ ಗೊತ್ತಿತ್ತು ಮಾರಾಯ’ ಎಂದರು. ಕಾಫಿಯನ್ನೂ ಕೊಟ್ಟರು. ಆ ರಾತ್ರಿ ಹೆಂಚಿನ ಮೇಲೆ ಮಳೆ ಬಡಿದರೂ ಎಚ್ಚರವಾಗಲಿಲ್ಲ.

– ಒಬ್ಬ ಓದುಗ, ತೀರ್ಥಹಳ್ಳಿ